ಬೊಂಬೆ ಕಣ್ಣಿಗೆ ಮೂಗಿರಲಿಲ್ಲ

"ಎಷ್ಟಾಯ್ತಮ್ಮಾ?"

ಬೆಳಿಗ್ಗೆ ಹೆಗಲ ಮೇಲಿನ ಚೀಲ ಇಳಿಸುವ ಮೊದಲೇ ಈ ಪ್ರಶ್ನೆ. ಚೆನ್ನಾಗಿದ್ದೀಯಾ, ತಿಂಡಿ ಆಯಿತಾ, ನಿನ್ನೆ ತಲೆನೋವು ಅಂದಿದ್ದೆಯಲ್ಲ ಈಗ ಹೇಗಿದೆ, ಇಂಥ ಮಾತು ನಮ್ಮ ಯಜಮಾನರ ಬಾಯಲ್ಲಿ ಹುಟ್ಟುವುದೇ ಇಲ್ಲ. ಎಷ್ಟಾಯಿತು ಅಂದರೆ ಎಷ್ಟು ಡಿಗ್ರಿ ಆಯಿತು ಅಂತ. ಬೆನ್ನ ಹಿಂದೆ ಇಡೀ ಕಾರ್ಖಾನೆ ಅವರನ್ನು ಡಿಗ್ರಿ ಎಂದೇ ಕರೆಯುತ್ತದೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಹೆಮ್ಮೆ ಪಡುತ್ತಾರೆ, ಏನು ಮಾಡುವುದು.

ನಾನು ಲೆನ್ಸ್ ವಿನ್ಯಾಸ ಮಾಡುವವಳು. ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ಪರದೆಗೆ ರೆಟಿನಾ ಎನ್ನುತ್ತಾರಲ್ಲ, ಅದರ ಫೋಟೋ ತೆಗೆಯುವ ಕ್ಯಾಮೆರಾ ನಮ್ಮ ಕಸುಬು. ಅಂಥ ಕ್ಯಾಮೆರಾ ಎಷ್ಟೋ ಕಣ್ಣಾಸ್ಪತ್ರೆಗಳಲ್ಲಿ ಇದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದು ಪರದೆಯ ನಡುಭಾಗ ಮಾತ್ರ. ಬೀಗದ ಕಿಂಡಿಯಲ್ಲಿ ಇಣುಕಿದವರಿಗೆ ಇದರ ಕಷ್ಟ ಗೊತ್ತಿರುತ್ತದೆ. ದೂರ ನಿಂತರೆ ಎದುರು ಗೋಡೆಯ ಒಂದು ಚೂರು ಕಾಣುತ್ತದೆ. ಕಿಂಡಿಗೆ ಕಣ್ಣು ಒತ್ತಿ ಹಿಡಿದರೆ ಕೋಣೆಯ ಮೂಲೆಗಳೂ ಕಾಣುತ್ತವೆ. ಕಣ್ಣಿನ ಪಾಪೆಯೇ ಆ ಕಿಂಡಿ. ಮೂಲೆಗಳು ಬೇಕೆಂದರೆ ಲೆನ್ಸು ಕಣ್ಣಿಗೆ ತೀರ ಹತ್ತಿರ ಬರಬೇಕು, ಗಾಜು ಅಗಲವೂ ಆಗಬೇಕು. ಹೀಗೆ ಎಷ್ಟು ಅಗಲ ಕಾಣುತ್ತದೆ ಎನ್ನುವ ಕೋನದ ಅಳತೆಯೇ ಡಿಗ್ರಿ. ಅಷ್ಟೇ ಕಥೆ. ಇದನ್ನು ಡಿಗ್ರಿಯವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

"ಇನ್ನೊಂದು ಹತ್ತು ಡಿಗ್ರಿ ಎಳೀಬಹುದಾ?" ಎಂದು ಕೇಳುತ್ತಾರೆ, ನಾನೇನೋ ರಬ್ಬರ್ ಬ್ಯಾಂಡ್ ಮಾಡುತ್ತಿದ್ದೇನೆ ಎನ್ನುವ ಹಾಗೆ.

ಎಳೆದೆ. ಎಳೆದ ಕೂಡಲೇ ಅಂಚಿನಲ್ಲಿ ಚಿತ್ರ ಕಲಸಿಹೋಯಿತು. ಅದನ್ನು ಸರಿಮಾಡಿದರೆ ನಡುವೆ ಬೆಳ್ಳನೆಯ ಮಚ್ಚೆ ಬಂದು ಕೂತಿತು. ಒಳಗೆ ಬೆಳಕು ಕಳಿಸುವುದೂ ಅದೇ ಕಿಂಡಿಯಿಂದ, ಚಿತ್ರ ಹೊರಗೆ ಬರುವುದೂ ಅದೇ ಕಿಂಡಿಯಿಂದ. ಹೋಗುವ ಬೆಳಕು ಕಣ್ಣಿನ ಮುಂಭಾಗಕ್ಕೆ ಬಡಿದು ವಾಪಸು ಬಂದರೆ ಆ ಮಚ್ಚೆ. ಅದನ್ನು ಓಡಿಸಿದರೆ ರೆಪ್ಪೆಗೂದಲಿನ ನೆರಳು ಬೀಳುವ ಲೆಕ್ಕ ಬಂತು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುವ ಹಳೇ ದುಪ್ಪಟಿ ಇದು. ಇಷ್ಟೆಲ್ಲ ಮಾಡಿ ಸಂಖ್ಯೆ ಹೇಳಿದರೆ ನಮ್ಮ ಡಿಗ್ರಿಯವರಿಗೆ ಸಾಲದು. ಪಾಪೆಯಲ್ಲಿ ನಿಂತು ಅಳೆದರೆ ಒಂದು ಸಂಖ್ಯೆ, ಕಣ್ಣುಗುಡ್ಡೆಯ ನಡುವೆ ನಿಂತು ಅಳೆದರೆ ಅದಕ್ಕಿಂತ ದೊಡ್ಡ ಸಂಖ್ಯೆ ಎಂದು ಅವರು ಎಲ್ಲಿಂದಲೋ ತಿಳಿದುಕೊಂಡು ಬಂದರು. ಅಂದಿನಿಂದ ಅವರು ಗುಡ್ಡೆಯ ನಡುವೆ ಬಿಡಾರ ಹೂಡಿದ್ದಾರೆ.

ಆದರೆ ನಿಜ ಹೇಳಬೇಕು, ಡಿಗ್ರಿಯ ಹುಚ್ಚು ನನಗೂ ಇತ್ತು. ಅವರಿಗೆ ಜಾಹೀರಾತಿನ ಚಿಂತೆ, ನನಗೆ ಅಕ್ಕನ ಚಿಂತೆ.

ಅಕ್ಕ ಪಾರ್ಲರ್ ಇಟ್ಟಿದ್ದಾಳೆ. ಕೂದಲು ಕತ್ತರಿಸುವುದರಲ್ಲಿ ಎತ್ತಿದ ಕೈ. ಶಾಲೆಗೆ ಹೋಗುವಾಗಲೇ ಅವಳಿಗೆ ಸೋಡಾ ಬುಡ್ಡಿ ಕನ್ನಡಕ. ಅಷ್ಟು ಪವರ್ ಇರುವ ಕಣ್ಣು ಉದ್ದಕ್ಕೆ ಬೆಳೆದಿರುತ್ತದೆ, ಒಳಗಿನ ಪರದೆ ಬಿಗಿದು ತೆಳ್ಳಗಾಗಿರುತ್ತದೆ, ಅಂಚಿನಲ್ಲಿ ಹರಿಯುವ ಭಯ ಇದ್ದೇ ಇರುತ್ತದೆ. ಅವಳ ಎಡಗಣ್ಣು ಹೋದದ್ದು ಹಾಗೆಯೇ. ಕಿವಿಯ ಕಡೆಯ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಹರುಕು. ಆಗ ಯಾವುದೋ ಕ್ಲಿನಿಕ್ಕಿನಲ್ಲಿ ಫೋಟೋ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ಫೋಟೋದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹರಿದದ್ದು ಫೋಟೋದ ಅಂಚಿನಿಂದ ಆಚೆ ಇತ್ತು. ದೊಡ್ಡ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಒಬ್ಬರ ಹತ್ತಿರ ಹೋಗುವಷ್ಟರಲ್ಲಿ ಹರುಕಿನಿಂದ ನೀರು ನುಗ್ಗಿ ಪರದೆಯೇ ಗೋಡೆಯಿಂದ ಕಳಚಿ ಬಿದ್ದಿತ್ತು. ಅವರು ಆಪರೇಷನ್ ಮಾಡಿದರು, ಬೆಳಕು ಕತ್ತಲೆ ಗೊತ್ತಾಗುವಷ್ಟು ಮಾತ್ರ ಉಳಿಯಿತು.

ಉಳಿದದ್ದು ಬಲಗಣ್ಣು ಒಂದೇ. ಅದನ್ನು ಆರಾರು ತಿಂಗಳಿಗೆ ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅಕ್ಕ ಒಂದೇ ಸಲ ಹೋದದ್ದು. ಮೂಲೆಗಳನ್ನು ನೋಡಬೇಕೆಂದರೆ ಹನಿ ಹಾಕಿ ಪಾಪೆ ಹಿಗ್ಗಿಸಬೇಕು, ಕಡ್ಡಿಯಂಥದ್ದರಿಂದ ಕಣ್ಣನ್ನು ಒತ್ತಿ, ಕಣ್ಣು ಕುಕ್ಕುವ ದೀಪ ಬಿಟ್ಟು ನೋಡಬೇಕು. ಅದಾದ ಮೇಲೆ ಅರ್ಧ ದಿನ ಎಲ್ಲ ಮಂಜು ಮಂಜು. ಎರಡು ಕಣ್ಣಿರುವವರೇ ಗೋಡೆ ಹಿಡಿದು ನಡೆಯುತ್ತಾರೆ. ಅಕ್ಕ ಅವತ್ತು ಮನೆಗೆ ಬಂದು ಮಂಚದ ಮೇಲೆ ಕೂತವಳು ಸಂಜೆಯ ತನಕ ಮಿಸುಕಲಿಲ್ಲ.

"ಇನ್ನೊಂದ್ಸಲ ಹೋಗಲ್ಲ," ಎಂದಳು.

"ಅಕ್ಕಾ, ಅರ್ಧ ದಿನದ ವಿಷ್ಯ ಕಣೇ."

"ಆ ಅರ್ಧ ದಿನ ನಾನು ಕುರುಡಿ. ನಿಮಗೆಲ್ಲ ಅದು ತಪಾಸಣೆ, ನನಗೆ ಅಭ್ಯಾಸ. ಈಗಿಂದಾನೇ ಯಾಕೆ ಅಭ್ಯಾಸ ಮಾಡಿಸ್ತೀರಾ? ಬಂದಾಗ ನೋಡ್ಕೋತೀನಿ."

ಇಂಥವಳ ಹತ್ತಿರ ಏನು ಮಾತಾಡುತ್ತೀರಿ? ಬೇಡಿದೆ, ಬೈದೆ, ಮಾತು ಬಿಟ್ಟೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. "ಹನಿ ಹಾಕ್ದೆ, ಕಣ್ಣು ಮುಟ್ದೆ ಮೂಲೆ ತನಕ ಫೋಟೋ ತೆಗೆಯೋ ಮಿಷನ್ ಮಾಡ್ತಿದ್ದೀನಿ ಅಂತ ಕೊಚ್ಕೋತೀಯಲ್ಲ, ಮಾಡು. ಆದ ದಿನ ಕರಿ, ಓಡಿ ಬರ್ತೀನಿ."

ಹೀಗಾಗಿ ನನ್ನ ಲೆನ್ಸು ತಡವಾದಷ್ಟೂ ಅಕ್ಕನ ತಪಾಸಣೆ ತಡ. ಕಂಪ್ಯೂಟರಿನಲ್ಲಿ ಗೆರೆಗಳು ಕೂಡದೆ ಹೋದಾಗಲೆಲ್ಲ ನನ್ನ ಕಣ್ಣ ಮುಂದೆ ಅವಳ ಬಲಗಣ್ಣು ಬರುತ್ತಿತ್ತು. ಆ ಸಿಟ್ಟನ್ನು ಅವಳ ಮೇಲೆಯೇ ತೀರಿಸಿಕೊಳ್ಳುತ್ತಿದ್ದೆ. ಎಡಗಣ್ಣು ಹೋದಂದಿನಿಂದ ಅವಳಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಯಾರ ಜೊತೆ ಮಾತಾಡಿದರೂ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು ಓರೆಯಾಗಿ ನೋಡುತ್ತಾಳೆ. ಟಿವಿ ನೋಡುವಾಗಲೂ ಹಾಗೇ, ಗಿರಾಕಿಯ ತಲೆ ಬಾಚುವಾಗಲೂ ಹಾಗೇ.

"ನೆಟ್ಟಗೆ ನೋಡಿ ಮಾತಾಡೇ. ಎದುರಿಗಿರೋರ ಮೇಲೆ ಮುನಿಸ್ಕೊಂಡ ಹಾಗೆ ಕಾಣ್ತೀಯ."

"ಎದುರಿಗೆ ನೀನಿದ್ರೆ ಮುನಿಸೇ ಅಂದ್ಕೋ," ಎನ್ನುತ್ತಿದ್ದಳು.

ಅಂತೂ ಇಂತೂ ಲೆನ್ಸು ಒಂದು ಹದಕ್ಕೆ ಬಂತು. ನಮ್ಮಲ್ಲಿ ಪರೀಕ್ಷೆಗೆ ಒಂದು ಬೊಂಬೆ ಕಣ್ಣಿದೆ. ಕಣ್ಣುಗುಡ್ಡೆಯಷ್ಟೇ ಗಾತ್ರದ ಗಾಜಿನ ಗೋಲ, ಮುಂದೆ ಪಾಪೆಯಷ್ಟು ರಂಧ್ರ, ಒಂದು ಕಂಬಿಯ ತುದಿಗೆ ಸ್ಕ್ರೂ ಹಾಕಿ ನಿಲ್ಲಿಸಿದ್ದೇವೆ. ಒಳಗೋಡೆಗೆ ಕಿತ್ತಳೆ ಬಣ್ಣ ಬಳಿದು ರಕ್ತನಾಳಗಳನ್ನು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಕಿವಿಯ ಕಡೆ ಎನ್ನಬಹುದಾದ ಮೇಲಿನ ಮೂಲೆಯಲ್ಲಿ, ಎಲ್ಲಕ್ಕಿಂತ ಅಂಚಿನಲ್ಲಿ, ಕುದುರೆಯ ಲಾಳದಂಥ ಒಂದು ಸಣ್ಣ ಗುರುತನ್ನೂ ಬರೆದಿದ್ದೆ. ಪರದೆ ಹರಿದಾಗ ಹೆಚ್ಚಾಗಿ ಕಾಣುವುದು ಆ ಆಕಾರದಲ್ಲೇ. ನನ್ನ ಕ್ಯಾಮೆರಾ ಅದನ್ನು ಹಿಡಿಯಬೇಕು, ಅಷ್ಟೇ ನನ್ನ ಹಟ.

ಹಿಡಿಯಿತು. ಅವತ್ತು ಕಂಪ್ಯೂಟರಿನ ಪರದೆಯ ಮೇಲೆ ಆ ಲಾಳ ಚೊಕ್ಕವಾಗಿ ಮೂಡಿದಾಗ ನಾನು ಕುರ್ಚಿಯಿಂದ ಎದ್ದು ಕುಣಿದೆ. ಡಿಗ್ರಿಯವರು ಓಡಿ ಬಂದರು. ಲಾಳದ ಕಡೆ ತಿರುಗಿಯೂ ನೋಡಲಿಲ್ಲ.

"ಎಷ್ಟಾಯ್ತು?"

ಹೇಳಿದೆ. ಅವರ ಮುಖ ಅರಳಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಆ ವಾರವೇ ಜಾಹೀರಾತಿನಲ್ಲಿ ಅಂಗೈಯಗಲದ ಅಕ್ಷರದಲ್ಲಿ ಸಂಖ್ಯೆ ಅಚ್ಚಾಯಿತು, ಮುಂದಿನ ವಾರ ಡಾಕ್ಟರಮ್ಮನನ್ನು ಪ್ರದರ್ಶನಕ್ಕೆ ಕರೆದದ್ದೂ ಆಯಿತು.

"ಸಾರ್, ಮೊದಲು ನಮ್ಮಲ್ಲೇ ಯಾರಾದ್ರೂ ಕೂತು ನೋಡೋಣ," ಎಂದೆ.

"ಬೊಂಬೆ ಕಣ್ಣಲ್ಲಿ ಬಂತೋ ಇಲ್ವೋ? ಬಂತಲ್ಲ. ಮತ್ತೇನು ನಿಮ್ದು ಅಪಶಕುನ?"

ಬೊಂಬೆ ಕಣ್ಣಿಗೆ ಹಿಡಿದಾಗ ಗಾಜುಗಳು ಮೇಜಿನ ಮೇಲೆ ಬಿಡಿಬಿಡಿಯಾಗಿದ್ದವು. ಅವನ್ನು ಕೂರಿಸುವ ಕೊಳವೆ ಬಂದದ್ದೇ ಪ್ರದರ್ಶನದ ಹಿಂದಿನ ದಿನ. ಅದನ್ನು ಜೋಡಿಸುವುದರಲ್ಲೇ ಹೊತ್ತು ಹೋಯಿತು. ಇರಲಿ ಎಂದು ಅಕ್ಕನಿಗೂ ಫೋನ್ ಮಾಡಿದೆ. ನಾಳೆ ಡಾಕ್ಟರಮ್ಮನೂ ಇರುತ್ತಾರೆ, ಚಿತ್ರ ತೆಗೆದ ಕೂಡಲೇ ಅವರೇ ನೋಡಿ ಹೇಳಿಬಿಡುತ್ತಾರೆ, ಬಾ ಎಂದೆ. ಮಾತು ಕೊಟ್ಟಿದ್ದಳಲ್ಲ, ಪಾರ್ಲರಿಗೆ ಬೀಗ ಹಾಕಿ ಬಂದಳು. ನೀಟಾಗಿ ತಲೆ ಬಾಚಿ, ಮದುವೆಗೆ ಬಂದವಳ ಹಾಗೆ ಬಂದಳು.

"ಇದೇನಾ ನಿನ್ನ ಆನೆ?" ಎಂದು ಸೊಂಡಿಲಿನ ಹಾಗೆ ಕೊಳವೆ ಚಾಚಿದ ಮಿಷನ್ನನ್ನು ಒಂದು ಸುತ್ತು ಹಾಕಿದಳು.

ಡಾಕ್ಟರಮ್ಮ ಅವಳನ್ನು ಗುರುತು ಹಿಡಿದರು. "ಎರಡು ವರ್ಷದಿಂದ ತಲೆ ತಪ್ಪಿಸ್ಕೊಂಡು ಓಡಾಡ್ತಿದ್ದೀರಿ, ಇಲ್ಲಿ ಸಿಕ್ಕಿಬಿದ್ರಾ?"

"ಫೋಟೋಗೆ ಬಂದಿದ್ದೀನಿ ಡಾಕ್ಟ್ರೇ. ಹನಿಗಲ್ಲ," ಎಂದಳು ಅಕ್ಕ.

ಗಲ್ಲ ಇಡುವ ತಟ್ಟೆಯ ಮೇಲೆ ಗಲ್ಲ ಇಡಿಸಿದೆ. ಹಣೆಯನ್ನು ಪಟ್ಟಿಗೆ ಒತ್ತಿಸಿದೆ. "ನೆಟ್ಟಗೆ ಕೂರು. ಅಲ್ಲಾಡಬೇಡ." ದೀಪ ಆರಿಸಿ ಲೆನ್ಸನ್ನು ಅವಳ ಬಲಗಣ್ಣಿನ ಕಡೆ ಸರಿಸತೊಡಗಿದೆ. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪಿನ ನಡುವೆ ಕಿತ್ತಳೆ ಬಣ್ಣದ ಚಿಕ್ಕ ನಾಣ್ಯ ಮೂಡಿತು. ಲೆನ್ಸು ಮುಂದೆ ಹೋದ ಹಾಗೆ ಅದು ಹಿಗ್ಗಬೇಕು, ಹಿಗ್ಗಿ ಪರದೆ ತುಂಬಬೇಕು. ಸ್ವಲ್ಪ ಹಿಗ್ಗಿತು. ಆಮೇಲೆ ನಿಂತಿತು. ನಾನು ಇನ್ನಷ್ಟು ತಳ್ಳಿದೆ.

"ಆಯ್!"

"ಏನಾಯ್ತೇ?"

"ಏನಾಯ್ತಾ? ನಿನ್ನ ಮಿಷನ್ ನನ್ನ ಮೂಗು ಹಿಡ್ಕೊಂಡಿದೆ."

ದೀಪ ಹಾಕಿ ನೋಡಿದೆ. ಕೊಳವೆಯ ಅಂಚು ಅಕ್ಕನ ಮೂಗಿನ ಪಕ್ಕಕ್ಕೆ ಒತ್ತಿಕೊಂಡು ಕೂತಿತ್ತು. ಕಣ್ಣಿಗೂ ಗಾಜಿಗೂ ನಡುವೆ ಇನ್ನೂ ಒಂದು ಬೆರಳು ಜಾಗ. ಆ ಒಂದು ಬೆರಳಿನಲ್ಲೇ ನನ್ನ ಅಷ್ಟೂ ಡಿಗ್ರಿಗಳು ಇದ್ದವು.

ನಮ್ಮ ಕಂಪ್ಯೂಟರಿನಲ್ಲಿ ಕಣ್ಣೆಂದರೆ ಎರಡು ಬಾಗಿದ ಗೆರೆ, ನಡುವೆ ಒಂದು ರಂಧ್ರ. ನಮ್ಮ ಬೊಂಬೆ ಕಣ್ಣು ಕಂಬಿಯ ತುದಿಯಲ್ಲಿ ಒಂಟಿಯಾಗಿ ತೇಲುತ್ತದೆ. ರೆಪ್ಪೆಯ ಲೆಕ್ಕ ಹಾಕಿದ್ದೆ, ರೆಪ್ಪೆಗೂದಲಿನ ಲೆಕ್ಕ ಹಾಕಿದ್ದೆ, ಕಣ್ಣೀರಿನ ಪದರದ ಲೆಕ್ಕವನ್ನೂ ಹಾಕಿದ್ದೆ. ಕಣ್ಣಿನ ಪಕ್ಕದಲ್ಲಿ ಮೂಗು ಅಂತ ಒಂದು ಇರುತ್ತದೆ ಅನ್ನುವುದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದರಲ್ಲೂ ನಮ್ಮದು ಅಪ್ಪನಿಂದ ಬಂದ ಮೂಗು, ಮುಖಕ್ಕಿಂತ ಮೊದಲು ಬಾಗಿಲು ದಾಟುವಂಥದ್ದು. ದಿನಾ ಕನ್ನಡಿಯಲ್ಲಿ ನೋಡುವವಳು ನಾನು! ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ ನೋಡು," ಎಂದಳು ಅಕ್ಕ ಮೂಗು ಉಜ್ಜಿಕೊಳ್ಳುತ್ತ. "ಮೂಗಿಲ್ಲದೋರಿಗೆ ಮಾಡಿದ್ದಾ ಇದನ್ನ?"

ಡಾಕ್ಟರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಡಿಗ್ರಿಯವರು ನಗಲಿಲ್ಲ. ಅವರ ತಲೆ ಓಡತೊಡಗಿತ್ತು, ಅದು ಓಡಿದಾಗಲೆಲ್ಲ ನನಗೆ ಭಯ.

"ಚಿಕ್ಕ ಮೂಗಿನೋರನ್ನ ಯಾರನ್ನಾದ್ರೂ ಕೂರಿಸಿ," ಎಂದರು.

"ಸಾರ್!"

"ಸರಿ, ಬೇಡ. ಹಾಗಾದ್ರೆ ಮೂಗಿನ ಕಡೆ ಗಾಜನ್ನ ಸ್ವಲ್ಪ ಕೆತ್ತಿಬಿಡೋಣ. ಮೇಲಿಂದ ಕೆಳಕ್ಕೆ ಅಳತೆ ಅಷ್ಟೇ ಉಳಿಯುತ್ತಲ್ಲ? ಮೇಲಿಂದ ಕೆಳಕ್ಕೆ ಎಷ್ಟಿದೆಯೋ ಅದನ್ನೇ ಬರ್ಕೊಳ್ಳೋಣ. ಡಿಗ್ರಿ ಎಲ್ಲೂ ಹೋಗಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಮೂಗಿನ ಕಡೆ ಗಾಜು ನೋಡೋದು ಯಾವ ಗೋಡೇನ ಸಾರ್? ಕಿಂಡಿಗೆ ಎಡದಿಂದ ಇಣುಕಿದ್ರೆ ಬಲಗಡೆ ಗೋಡೆ ಕಾಣುತ್ತೆ. ಮೂಗಿನ ಕಡೆಯಿಂದ ಇಣುಕಿದ್ರೇನೇ ಕಿವಿ ಕಡೆ ಮೂಲೆ ಕಾಣೋದು. ಇವಳ ಎಡಗಣ್ಣು ಹರಿದಿದ್ದು ಅಲ್ಲೇ! ಅದನ್ನೇ ಕೆತ್ತಿ ಬಿಸಾಕಿ, ಜಾಹೀರಾತಲ್ಲಿ ಸಂಖ್ಯೆ ಉಳಿಸ್ಕೊಳ್ಳೋದಾ?"

"ಕೂಗ್ಬೇಡಿ ಅಮ್ಮಾ, ಡಾಕ್ಟ್ರ ಮುಂದೆ."

"ಕೂಗ್ತೀನಿ!"

ಅಕ್ಕ ನಮ್ಮ ಜಗಳವನ್ನು ಓರೆ ಮುಖದಲ್ಲೇ ನೋಡುತ್ತಿದ್ದವಳು ಎದ್ದು ಕೈಚೀಲ ಹುಡುಕಿಕೊಂಡಳು. "ನೀವು ಕೆತ್ಕೊಳ್ಳಿ, ಕೂಗಾಡ್ಕೊಳ್ಳಿ. ನನಗೆ ಗಿರಾಕಿಗಳಿದ್ದಾರೆ. ಮೂಗಿಗೆ ಸರಿಹೋಗೋ ಲೆನ್ಸು ಆದ್ಮೇಲೆ ಕರಿ."

"ಅದಕ್ಕೆ ಇನ್ನೊಂದು ವರ್ಷ ಬೇಕು ಕಣೇ!"

"ಒಳ್ಳೇದೇ ಆಯ್ತು. ಅಷ್ಟೊತ್ತಿಗೆ ಈ ಮಿಣಮಿಣನೂ ನಿಂತಿರುತ್ತೆ."

"ಯಾವ ಮಿಣಮಿಣ?"

"ಅಯ್ಯೋ, ಏನೂ ಇಲ್ಲ. ನಾಲ್ಕೈದು ದಿನ ಆಯ್ತು, ಕತ್ತಲಲ್ಲಿ ಮೂಗಿನ ಪಕ್ಕ ಮಿಣಕ್ ಅಂತ ಬೆಳಕು ಹೊಡೆದ ಹಾಗಾಗುತ್ತೆ. ನಿದ್ದೆ ಸಾಲ್ದು, ಅದಕ್ಕೆ."

ಡಾಕ್ಟರಮ್ಮನ ನಗು ನಿಂತುಹೋಯಿತು. ಒಳಗಿನ ಪರದೆಯನ್ನು ಏನೋ ಎಳೆಯುತ್ತಿದ್ದರೆ ಕಣ್ಣಿಗೆ ಮಿಂಚಿದಂತೆ ಕಾಣುತ್ತದೆ. ಮಿಂಚು ಮೂಗಿನ ಪಕ್ಕ ಕಂಡರೆ, ಎಳೆತ ಇರುವುದು ಕಿವಿಯ ಕಡೆಯ ಗೋಡೆಯಲ್ಲಿ.

"ಈಗ್ಲೇ ಆಸ್ಪತ್ರೆಗೆ ನಡೀರಿ," ಎಂದರು ಡಾಕ್ಟರಮ್ಮ. "ಹನಿ ಹಾಕಿ ನೋಡ್ಲೇಬೇಕು."

"ಇಲ್ಲ ಡಾಕ್ಟ್ರೇ."

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬೇಡ, ನೆಲ ಕೊಳೆ ಇದೆ." ಅವಳ ದನಿ ನಡುಗಿತು. ಹೆದರಿದ್ದಾಳೆ ಎಂದು ಆಗ ಗೊತ್ತಾಯಿತು. ಹೆದರಿದಷ್ಟೂ ಅವಳು ಗಟ್ಟಿ. "ನೋಡೇ, ನಿನ್ನ ಮಿಷನ್ನಲ್ಲಿ ಏನಾದ್ರೂ ಕಂಡ್ರೆ ಹೋಗ್ತೀನಿ. ಎಲ್ಲಿಗೆ ಅಂದ್ರೆ ಅಲ್ಲಿಗೆ, ಏನು ಹಾಕಿದ್ರೂ ಹಾಕಿಸ್ಕೋತೀನಿ. ಕಾಣದೆ ಇದ್ರೆ, ಸುಮ್ನೆ ಇರಬಹುದು ಅನ್ನೋದಕ್ಕೆಲ್ಲ ನಾನು ಕುರುಡಿಯಾಗಿ ಕೂರಲ್ಲ."

"ಹಾಗಾದ್ರೆ ಕೂರು ಇಲ್ಲಿ," ಎಂದೆ.

ಕೂತಳು. ಹಣೆಯ ಪಟ್ಟಿಯ ಹಿಂದಿನ ಬೆಲ್ಟು ಬಿಗಿದೆ. ಲೆನ್ಸು ಮುಂದೆ ತಂದೆ, ಮೂಗು. ಸ್ವಲ್ಪ ಮೇಲಿಂದ ತಂದೆ, ಹುಬ್ಬು. ಕೆಳಗಿಂದ ತಂದೆ, ಕೆನ್ನೆಯ ಮೂಳೆ. ಅವಳ ಮುಖ ತಾನಾಗಿಯೇ ಎಡಕ್ಕೆ ಜಾರುತ್ತಿತ್ತು. ನಾನು ಗಲ್ಲ ಹಿಡಿದು ನೆಟ್ಟಗೆ ಮಾಡುತ್ತಿದ್ದೆ. ಮತ್ತೆ ಜಾರುತ್ತಿತ್ತು. ಮತ್ತೆ ನೆಟ್ಟಗೆ ಮಾಡುತ್ತಿದ್ದೆ. ಪರದೆಯ ಮೇಲೆ ಆ ಹಾಳು ನಾಣ್ಯ ಹಾಗೇ ಇತ್ತು.

"ನೆಟ್ಟಗೆ ಕೂರೇ! ಒಂದು ನಿಮಿಷ ನೆಟ್ಟಗೆ ಕೂರಕ್ಕೆ ಏನು ಕಷ್ಟ ನಿನಗೆ? ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ಆ ದರಿದ್ರ ಚಾಳಿ ಬಿಡು ಅಂತ!"

ಅಕ್ಕ ಬೆಲ್ಟನ್ನು ಕಿತ್ತು ಹಿಂದೆ ಎಸೆದಳು.

"ಚಾಳಿಯಂತೆ ಚಾಳಿ! ನೆಟ್ಟಗೆ ಕೂತ್ರೆ ನನ್ನ ಮೂಗು ಅರ್ಧ ಪ್ರಪಂಚ ಮುಚ್ಚುತ್ತೆ, ಗೊತ್ತಾ ನಿನಗೆ? ಎದುರಿಗೆ ನೋಡಿದ್ರೂ ಮೂಗು, ಎಡಕ್ಕೆ ನೋಡಿದ್ರೂ ಮೂಗು. ಗಿರಾಕಿ ಕಿವಿ ಎಲ್ಲಿದೆ ಅಂತ ಕಾಣ್ಬೇಕಾದ್ರೆ ನಾನು ಅದನ್ನ ಪಕ್ಕಕ್ಕೆ ಸರಿಸ್ಬೇಕು. ಎರಡು ಕಣ್ಣಿರೋಳು ನೀನು, ನಿನ್ನ ಮೂಗು ನಿನಗೆ ಎಲ್ಲಿ ಕಾಣುತ್ತೆ?"

ಕಾಣುವುದಿಲ್ಲ. ಎರಡು ಕಣ್ಣಿರುವವರಿಗೆ ತಮ್ಮ ಮೂಗು ಕಾಣುವುದಿಲ್ಲ. ಒಂದು ಕಣ್ಣು ಮುಚ್ಚುವ ತನಕ ಅದು ಅಲ್ಲಿದೆ ಎನ್ನುವುದೇ ಮರೆತಿರುತ್ತದೆ. ನಾನು ಎಡಗಣ್ಣು ಮುಚ್ಚಿಕೊಂಡೆ. ಅಪ್ಪನ ಮೂಗು ಎಡಗಡೆಯ ಇಡೀ ಕೋಣೆಗೆ ಅಡ್ಡ ನಿಂತಿತು. ಡಿಗ್ರಿಯವರು ಅದರ ಹಿಂದೆ ಮಾಯವಾದರು. ಮುಖವನ್ನು ಎಡಕ್ಕೆ ತಿರುಗಿಸಿದೆ, ಕಣ್ಣನ್ನು ಇದ್ದಲ್ಲೇ ಇಟ್ಟೆ. ಮೂಗು ಸರಿಯಿತು. ಡಿಗ್ರಿಯವರು ವಾಪಸು ಬಂದರು.

"ಸಾರ್, ಸ್ಪ್ಯಾನರ್ ಕೊಡಿ," ಎಂದೆ.

"ಯಾಕಮ್ಮಾ?"

"ಕೊಡಿ ಸಾರ್!"

ಗಲ್ಲದ ತಟ್ಟೆ, ಹಣೆಯ ಪಟ್ಟಿ, ಅದನ್ನು ಹಿಡಿದ ಕಂಬಿ, ಎಲ್ಲ ಬಿಚ್ಚಿ ನೆಲಕ್ಕೆ ಹಾಕಿದೆ. ಅವರು ಹಾಂ ಹಾಂ ಎನ್ನುತ್ತಲೇ ಇದ್ದರು. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು ಅದರ ಮೇಲೆ ಅಕ್ಕನ ಮೊಣಕೈ ಊರಿಸಿದೆ, ಅಂಗೈ ಮೇಲೆ ಗಲ್ಲ ಇಡಿಸಿದೆ.

"ಅಕ್ಕಾ, ಈಗ ಆ ಗಾಜಿನ ಒಳಗೆ ಹಸಿರು ಚುಕ್ಕೆ ಇದೆ. ಅದು ನಿನ್ನ ಗಿರಾಕಿ ಅಂದ್ಕೋ. ಕತ್ತರಿ ಹಿಡ್ಕೊಂಡಾಗ ಹೇಗೆ ನೋಡ್ತೀಯೋ ಹಾಗೆ ನೋಡು."

ಅವಳ ಮುಖ ಎಡಕ್ಕೆ ತಿರುಗಿತು. ಕಣ್ಣು ಚುಕ್ಕೆಯ ಮೇಲೇ ನಿಂತಿತು. ನಾನು ಲೆನ್ಸನ್ನು ಮುಂದೆ ತಂದೆ. ಮೂಗು ಇರಲಿಲ್ಲ. ಇನ್ನೂ ಮುಂದೆ ತಂದೆ. ರೆಪ್ಪೆಯನ್ನು ಒಂದು ಬೆರಳಿನಿಂದ ಎತ್ತಿ ಹಿಡಿದೆ. ನಾಣ್ಯ ಹಿಗ್ಗಿತು, ತಟ್ಟೆಯಾಯಿತು, ಪರದೆಯ ಅಂಚುಗಳನ್ನು ಮುಟ್ಟಿತು. ಗುಂಡಿ ಒತ್ತಿದೆ.

ಚಿತ್ರ ನಿಂತಿತು. ಕೆಂಪು ನಾಳಗಳು ನಡುವಿನಿಂದ ಹೊರಟು ತೆಳ್ಳಗಾಗುತ್ತ ಮೂಲೆಯ ತನಕ ಹೋಗಿದ್ದವು. ಕಿವಿಯ ಕಡೆ, ಮೇಲೆ, ಎಲ್ಲಕ್ಕಿಂತ ಅಂಚಿನಲ್ಲಿ, ಕುದುರೆಯ ಲಾಳದಂಥ ಒಂದು ಸಣ್ಣ ಗುರುತು.

ಒಂದು ಕ್ಷಣ ನನಗೆ ಬೊಂಬೆ ಕಣ್ಣಿನ ಹಳೇ ಚಿತ್ರವೇ ಬಂದುಬಿಟ್ಟಿದೆ ಎಂದು ಸಿಟ್ಟು ಬಂತು. ಅಳಿಸಿ ಇನ್ನೊಂದು ತೆಗೆಯೋಣ ಎಂದು ಕೈ ಹೋಯಿತು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು.

"ಅದು ಹರುಕು," ಎಂದರು. "ಸುತ್ತ ಇನ್ನೂ ನೀರು ನುಗ್ಗಿದ ಹಾಗೆ ಕಾಣಲ್ಲ. ಇವತ್ತೇ ಲೇಸರ್‌ನಲ್ಲಿ ಸುತ್ತ ಬೆಸೆದುಬಿಟ್ರೆ ನಿಲ್ಲುತ್ತೆ. ನಾಳೆ ಅಂದ್ರೆ ನಾನು ಮಾತು ಕೊಡಲ್ಲ."

ಅಕ್ಕ ತನ್ನ ಕಣ್ಣಿನ ಒಳಗನ್ನು ಪರದೆಯ ಮೇಲೆ ತುಂಬ ಹೊತ್ತು ನೋಡಿದಳು, ಓರೆಯಾಗಿ.

"ಲೇಸರಿಗೆ ಹನಿ ಹಾಕ್ಬೇಕಾ?"

"ಹಾಕ್ಲೇಬೇಕು."

ಅವಳು ನನ್ನ ಕಡೆ ತಿರುಗಿದಳು. "ನಿನ್ನ ಆನೆ ನೋಡೋದಷ್ಟೇ ಕಲಿತಿದೆ ಅಲ್ವಾ?" ಎಂದಳು. ಆಮೇಲೆ ಕೈಚೀಲ ನನ್ನ ಕೈಗೆ ಕೊಟ್ಟಳು. ಮಾತು ಕೊಟ್ಟರೆ ತಪ್ಪುವವಳಲ್ಲ, ಅದೊಂದು ಪುಣ್ಯ.

ಡಿಗ್ರಿಯವರು ತಮ್ಮ ಕಾರು ತಂದರು. ಪಾಪ, ಕೇಳದೆಯೇ ತಂದರು, ಆಸ್ಪತ್ರೆಯ ತನಕ ತಾವೇ ಓಡಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ತಡೆಯಲಾಗಲಿಲ್ಲ. "ಅಲ್ಲಮ್ಮಾ, ಮುಖ ತಿರುಗಿಸಿದ್ರೆ ಲೆನ್ಸು ಇನ್ನೂ ಹತ್ತಿರ ಹೋಗುತ್ತಲ್ಲ... ಇನ್ನೊಂದು ಐದು ಡಿಗ್ರಿ..."

"ರಸ್ತೆ ನೋಡಿ ಸಾರ್," ಎಂದೆ.

ಲೇಸರ್ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, ಹರುಕಿನ ಸುತ್ತ ಬೇಲಿ ಹಾಕಿದ್ದಾಯಿತು, ಇನ್ನು ಪರದೆ ಅಲ್ಲಿಂದ ಕಳಚಲಾರದು ಅನ್ನಿಸುತ್ತದೆ ಎಂದರು. ಹನಿಯ ಮಂಜು, ಲೇಸರಿನ ಬೆಳಕಿಗೆ ಕಣ್ಣು ಕುಕ್ಕಿದ್ದು ಎರಡೂ ಇಳಿಯುವ ತನಕ ಕೂತಿರಿ ಎಂದರು. ಅಕ್ಕನನ್ನು ಕೈ ಹಿಡಿದು ತಂದು ಆಸ್ಪತ್ರೆಯ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂರಿಸಿದೆ. ಅವಳ ಬಲಕ್ಕೆ ಗೋಡೆ ಇತ್ತು, ಎಡಕ್ಕೆ ನಾನು ಕೂತೆ.

ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ನೆಟ್ಟಗೆ ಕೂತಿದ್ದಳು. ಗಲ್ಲ ನೇರ, ಹಣೆ ನೇರ, ಕೈಗಳೆರಡೂ ಮಡಿಲಲ್ಲಿ. ಎಡಗಣ್ಣು ಹೋದಂದಿನಿಂದ ಅವಳ ಮುಖವನ್ನು ಇಷ್ಟು ನೇರವಾಗಿ ನಾನು ನೋಡಿರಲಿಲ್ಲ. ನೋಡಲು ಏನೂ ಇಲ್ಲದವಳು ಮುಖ ಯಾಕೆ ತಿರುಗಿಸುತ್ತಾಳೆ?

"ನೋಡೇ, ಎಷ್ಟು ನೆಟ್ಟಗೆ ಕೂತಿದ್ದೀನಿ," ಎಂದಳು ಎದುರಿನ ಗೋಡೆಗೆ. "ಈಗ ಖುಷಿನಾ?"

"ತಿರುಗೇ ಅಕ್ಕಾ," ಎಂದೆ.

"ಯಾಕೆ? ಏನೂ ಕಾಣಲ್ಲ."

"ಕಾಣದಿದ್ರೂ ತಿರುಗು."

"ನಿನ್ನ ಕಾಟ ತಡೆಯಕ್ಕಾಗಲ್ಲ. ನೆಟ್ಟಗೆ ಕೂರು ಅಂತೀಯ, ಕೂತ್ರೆ ತಿರುಗು ಅಂತೀಯ. ಸುಮ್ನೆ ಇರಕ್ಕೆ ಏನು ತಗೋತೀಯ?" ಎಂದಳು. ಆದರೆ ತಿರುಗಲಿಲ್ಲ. ಅವಳ ಕೈ ಮಾತ್ರ ಬೆಂಚಿನ ಮೇಲೆ ಹರಿದಾಡಿ ನನ್ನ ಕೈಯನ್ನು ಹುಡುಕಿಕೊಂಡಿತು. ನಾನು ಅವಳಿಗೆ ಕೇಳದ ಹಾಗೆ ಅತ್ತೆ. ಅವಳ ಮೇಲೆ ಸಿಟ್ಟು, ಆ ಹಳೇ ಫೋಟೋ ತೆಗೆದವರ ಮೇಲೆ ಸಿಟ್ಟು, ಕಂಬಿಯ ಮೇಲೆ ಒಂಟಿಯಾಗಿ ಕೂತ ಆ ಬೊಂಬೆ ಕಣ್ಣಿನ ಮೇಲೂ ಸಿಟ್ಟು. ಇದೆಲ್ಲ ಕಣ್ಣಿನಿಂದ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿದ್ದೆ.

ಜನ ಬಂದರು, ಹೋದರು. ಡಿಗ್ರಿಯವರು ಫೋನ್ ಮಾಡಿದರು, ಎತ್ತಲಿಲ್ಲ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಅಕ್ಕನಿಗೆ ನಿದ್ದೆ ಹತ್ತಿತೇನೋ ಎಂದು ನೋಡಿದೆ.

ಅವಳ ಗಲ್ಲ ಮೆಲ್ಲಗೆ ಎಡಕ್ಕೆ ಹೊರಳಿತು. ಮುಖ ನನ್ನ ಕಡೆ ಬಂತು. ಬಲಗಣ್ಣನ್ನು ಕಿರಿದು ಮಾಡಿ, ಮುನಿಸಿಕೊಂಡವಳ ಹಾಗೆ ನನ್ನನ್ನು ನೋಡಿದಳು.

"ಅಳ್ತಿದ್ಯಾ?" ಎಂದಳು. "ಮೂಗು ಕೆಂಪಗಾಗಿದೆ."